ಬದುಕುಳಿದ ಮೇಲಿನ ವರ್ಷಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದವರ ಬಗ್ಗೆ ನಡೆದ ದೊಡ್ಡ ಅಧ್ಯಯನಗಳ ಕುರಿತು ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಜಾಸ್ತಿ ಮನೆಯವರದ್ದು. ಕೆಲವು, ಸ್ವತಃ ಆ ದಿನಗಳನ್ನು ದಾಟಿ ಬಂದವರದ್ದು. ನಾನು ಮನೋವೈದ್ಯೆ ಅಲ್ಲ. ಸಾವಿರಾರು ಜನರ ಆರೋಗ್ಯವನ್ನು ವರ್ಷಗಟ್ಟಲೆ ಗಮನಿಸಿ, ಯಾರಿಗೆ ಏನಾಯಿತು, ಯಾಕೆ ಆಯಿತು ಎಂದು ಲೆಕ್ಕ ಹಾಕುವ ಕೆಲಸ ನನ್ನದು. ಹಾಗಾಗಿ ಮಾತ್ರೆ, ಡೋಸ್ ಬಗ್ಗೆ ಕೇಳಿದವರು ದಯವಿಟ್ಟು ನಿಮ್ಮ ಡಾಕ್ಟರನ್ನೇ ಕೇಳಿ. ಇದನ್ನು ಓದುತ್ತಿರುವ ಹೊತ್ತಿನಲ್ಲೇ ಯಾರಿಗಾದರೂ ಸಾಯುವ ಯೋಚನೆ ಕಾಡುತ್ತಿದ್ದರೆ, ಓದುವುದು ಆಮೇಲೆ ಇರಲಿ. ನಂಬಿಕೆಯ ಒಬ್ಬರಿಗೆ ಈಗಲೇ ಹೇಳಿ. ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರಿಗೆ ಫೋನ್ ಮಾಡಿ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ಎರಡು ವರ್ಷದ ಹಿಂದೆ ನನ್ನ ತಮ್ಮ ಆತ್ಮಹತ್ಯೆಗೆ ಯತ್ನಿಸಿದ್ದ. ಉಳಿದುಕೊಂಡ. ಈಗ ಕೆಲಸಕ್ಕೆ ಹೋಗುತ್ತಾನೆ, ಮಾತಾಡುತ್ತಾನೆ, ನಗುತ್ತಾನೆ. ಆದರೆ ‘ಒಮ್ಮೆ ಯತ್ನಿಸಿದವರು ಮತ್ತೆ ಯತ್ನಿಸಿಯೇ ತೀರುತ್ತಾರೆ’ ಎಂದು ಎಲ್ಲೋ ಓದಿದೆ. ಅವತ್ತಿನಿಂದ ಅವನು ಕೋಣೆಯ ಬಾಗಿಲು ಹಾಕಿಕೊಂಡರೆ ಸಾಕು, ನನ್ನ ಎದೆ ಹೊಡೆದುಕೊಳ್ಳುತ್ತದೆ. ಇದು ನಿಜವಾ ಮೇಡಂ?

ಉತ್ತರ: ‘ಯತ್ನಿಸಿಯೇ ತೀರುತ್ತಾರೆ’ ಎನ್ನುವುದು ಸುಳ್ಳು. ಆದರೆ ನಿಮ್ಮ ಭಯಕ್ಕೆ ಆಧಾರವೇ ಇಲ್ಲ ಎಂದೂ ನಾನು ಹೇಳಲಾರೆ. ಎರಡನ್ನೂ ಲೆಕ್ಕ ಇಟ್ಟು ಹೇಳುತ್ತೇನೆ.

ತಮಗೆ ತಾವೇ ಹಾನಿ ಮಾಡಿಕೊಂಡು ಆಸ್ಪತ್ರೆಗೆ ಬಂದವರ ಮೇಲೆ ಬೇರೆ ಬೇರೆ ದೇಶಗಳಲ್ಲಿ ನಡೆದ 177 ಅಧ್ಯಯನಗಳನ್ನು 2014ರಲ್ಲಿ ಒಟ್ಟುಗೂಡಿಸಿ ನೋಡಿದರು. ಒಂದು ವರ್ಷದೊಳಗೆ ಮತ್ತೆ ಹಾಗೆಯೇ ಮಾಡಿಕೊಂಡವರು ನೂರರಲ್ಲಿ ಸುಮಾರು 16 ಮಂದಿ. ಮೊದಲ ವರ್ಷದಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡವರು ಸಾವಿರದಲ್ಲಿ 16. ಐದು ವರ್ಷದ ಹೊತ್ತಿಗೆ ಸಾವಿರದಲ್ಲಿ 39. ಈ 39 ಚಿಕ್ಕ ಸಂಖ್ಯೆ ಅಲ್ಲ. ಸಾಮಾನ್ಯ ಜನರಿಗೆ ಹೋಲಿಸಿದರೆ ಎಷ್ಟೋ ಪಟ್ಟು ಜಾಸ್ತಿ. ‘ಹಿಂದಿನ ಯತ್ನವೇ ದೊಡ್ಡ ಅಪಾಯ ಸೂಚನೆ’ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇದಕ್ಕೇ. ಆದರೆ ಅದೇ ಲೆಕ್ಕದಲ್ಲಿ ಉಳಿದ 961 ಮಂದಿಯೂ ಇದ್ದಾರಲ್ವಾ? ಪತ್ರಿಕೆಗಳಲ್ಲಿ ಅವರ ಸುದ್ದಿ ಬರುವುದಿಲ್ಲ. ಅವರು ಕೆಲಸಕ್ಕೆ ಹೋಗುತ್ತಾರೆ, ಮಾತಾಡುತ್ತಾರೆ, ನಗುತ್ತಾರೆ. ನಿಮ್ಮ ತಮ್ಮನ ಹಾಗೆ.

ಇನ್ನೊಂದು ವಿಷಯ, ಕಾಲದ್ದು. ಅಪಾಯ ಎಲ್ಲ ವರ್ಷಗಳಲ್ಲೂ ಒಂದೇ ಸಮ ಇರುವುದಿಲ್ಲ. ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ಕೆಲವು ವಾರ, ಕೆಲವು ತಿಂಗಳು ತುಂಬಾ ನಾಜೂಕು. ದುಃಖದ ಸಂಗತಿ ಏನೆಂದರೆ, ಮನೆಯವರು ‘ಸದ್ಯ, ಗಂಡಾಂತರ ಕಳೆಯಿತು’ ಎಂದು ಉಸಿರು ಬಿಡುವುದೂ ಆಗಲೇ. ನೀವು ಎರಡು ವರ್ಷ ದಾಟಿದ್ದೀರಿ. ಆ ಕಡಿದಾದ ಕಾಲ ಹಿಂದೆ ಹೋಗಿದೆ. ಹಾಗೆಂದು ಅಪಾಯ ಪೂರ್ತಿ ಮುಗಿದಿಲ್ಲ. ಕೆಲಸ ಹೋದಾಗ, ಸಂಬಂಧ ಮುರಿದಾಗ, ಕುಡಿತ ಜಾಸ್ತಿಯಾದಾಗ, ವಾರಗಟ್ಟಲೆ ನಿದ್ದೆ ಕೆಟ್ಟಾಗ ಅವನ ಹತ್ತಿರ ಇರಿ.

ಹತ್ತಿರ ಇರಿ ಎಂದರೆ ಬಾಗಿಲ ಬಳಿ ಕಾವಲು ನಿಲ್ಲಿ ಎಂದಲ್ಲ. ಇದಕ್ಕೂ ಒಂದು ಅಧ್ಯಯನ ಇದೆ, ನನಗೆ ಬಹಳ ಇಷ್ಟವಾದದ್ದು. ವಿಶ್ವ ಆರೋಗ್ಯ ಸಂಸ್ಥೆ ಐದು ಕಡೆ ನಡೆಸಿತು: ಬ್ರೆಜಿಲ್‌ನ ಕ್ಯಾಂಪಿನಾಸ್, ಭಾರತದ ಚೆನ್ನೈ, ಶ್ರೀಲಂಕಾದ ಕೊಲಂಬೊ, ಇರಾನ್‌ನ ಕರಜ್, ಚೀನಾದ ಯುನ್‌ಚೆಂಗ್. ಯತ್ನದ ನಂತರ ತುರ್ತು ವಿಭಾಗಕ್ಕೆ ಬಂದ 1,867 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಂದಿನ ಚಿಕಿತ್ಸೆ ಮಾತ್ರ. ಇನ್ನೊಂದಕ್ಕೆ ಅದರ ಜೊತೆ ಒಂದು ಗಂಟೆ ಕೂರಿಸಿಕೊಂಡು ಮಾತು, ಆಮೇಲೆ 18 ತಿಂಗಳಲ್ಲಿ 9 ಸಲ ಫೋನೋ ಭೇಟಿಯೋ. ಅಷ್ಟೇ. ಹೊಸ ಔಷಧಿ ಇಲ್ಲ, ಯಂತ್ರ ಇಲ್ಲ. 18 ತಿಂಗಳ ಕೊನೆಗೆ ಆತ್ಮಹತ್ಯೆಯಿಂದ ತೀರಿಕೊಂಡವರು ಮೊದಲ ಗುಂಪಿನಲ್ಲಿ ಶೇ. 2.2, ಎರಡನೆಯದರಲ್ಲಿ ಶೇ. 0.2. ಈ ಫಲಿತಾಂಶ ಪ್ರಕಟವಾಗಿದ್ದು 2008ರಲ್ಲಿ.

ಇಂಥದ್ದೇ ಫೋನ್ ಮಾಡುವ ಕೆಲಸ ನಾನೂ ಮಾಡಿದ್ದೇನೆ. ಕೈಯಲ್ಲಿ ಪ್ರಶ್ನೆಗಳ ಹಾಳೆ ಇರುತ್ತದೆ. ಆ ಕಡೆಯವರು ಹಲೋ ಅನ್ನುತ್ತಾರೆ, ಯಾರು ಎಂದು ಹೇಳಿದ ಮೇಲೆ ಸ್ವಲ್ಪ ಹೊತ್ತು ಏನೂ ಕೇಳಿಸುವುದಿಲ್ಲ. ಒಬ್ಬರು ಹಾಗೆ ಸುಮ್ಮನಿದ್ದು, ‘ನಾನಿನ್ನೂ ನಿಮ್ಮ ಪಟ್ಟಿಯಲ್ಲಿ ಇದ್ದೀನಾ?’ ಅಂದರು. ‘ಇದ್ದೀರಿ, ಮುಂದಿನ ಸಲವೂ ಮಾಡ್ತೀನಿ’ ಅಂದೆ. ಹಾಳೆಯ ಪ್ರಶ್ನೆಗಳಿಗೆ ಅವರು ಉತ್ತರ ಕೊಟ್ಟಿದ್ದು ಅದಾದ ಮೇಲೆ. ನಿಮ್ಮ ತಮ್ಮನಿಗೆ ಅಕ್ಕ ಇದ್ದಾಳೆ. ಅವನನ್ನು ಪರೀಕ್ಷಿಸುವ ಹಾಗೆ ಅಲ್ಲ, ವಿಚಾರಿಸಿಕೊಳ್ಳುವ ಹಾಗೆ ಮಾತಾಡಿ. ಜೊತೆಗೆ, ದುಡುಕಿನ ಗಳಿಗೆಯಲ್ಲಿ ಅಪಾಯ ತರುವಂಥ ವಸ್ತುಗಳು ಮನೆಯಲ್ಲಿ ಕೈಗೆ ಸಿಗದ ಹಾಗೆ ನೋಡಿಕೊಳ್ಳಿ. ತೀವ್ರವಾದ ಆ ಗಳಿಗೆ ಬಹಳ ಜನರಲ್ಲಿ ಬೇಗ ಇಳಿಯುತ್ತದೆ. ಅದು ಇಳಿಯುವವರೆಗೆ ಸಮಯ ಸಿಗಬೇಕು.

ನಿಮ್ಮ ನಿದ್ದೆಯೂ ಮುಖ್ಯ. ಎರಡು ವರ್ಷದಿಂದ ನೀವೊಬ್ಬರೇ ಇದನ್ನು ಹೊತ್ತಿದ್ದರೆ, ಮನೆಯ ಇನ್ನೊಬ್ಬರನ್ನು ಜೊತೆಗೆ ಸೇರಿಸಿಕೊಳ್ಳಿ. ಕೌನ್ಸೆಲರ್ ಹತ್ತಿರ ನೀವೂ ಹೋಗಬಹುದು, ತಮ್ಮನೊಬ್ಬನೇ ಹೋಗಬೇಕೆಂದಿಲ್ಲ.

ಪ್ರಶ್ನೆ: ನಾನು ನರ್ಸ್. ಯತ್ನದ ಕೇಸ್‌ಗಳು ನಮ್ಮ ವಾರ್ಡಿಗೆ ಬರುತ್ತವೆ. ಜೀವ ಉಳಿಸುತ್ತೇವೆ, ಮನೋವೈದ್ಯರ ಬಳಿ ಕಳಿಸುತ್ತೇವೆ. ‘ಯತ್ನಿಸಿದವರ ದೇಹದ ಆರೋಗ್ಯವನ್ನೂ ದಶಕಗಟ್ಟಲೆ ನೋಡಬೇಕು’ ಎಂದು ನೀವು ಬರೆದಿದ್ದಿರಿ. ಇದು ಮನಸ್ಸಿನ ವಿಷಯ ಅಲ್ಲವೇ? ಬಿಪಿ, ಶುಗರ್‌ಗೂ ಇದಕ್ಕೂ ಏನು ಸಂಬಂಧ?

ಉತ್ತರ: ಈ ಪ್ರಶ್ನೆ ಬಂದಿದ್ದು ನನಗೆ ನಿಜಕ್ಕೂ ಸಂತೋಷ. ಇದನ್ನು ಬಲ್ಲವರು ಕಡಿಮೆ. ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನ್ಯೂಜಿಲೆಂಡ್‌ನ ಡುನೆಡಿನ್ ಊರಿನಲ್ಲಿ 1972ರ ಏಪ್ರಿಲ್‌ನಿಂದ 1973ರ ಮಾರ್ಚ್‌ವರೆಗೆ ಹುಟ್ಟಿದ 1,037 ಮಕ್ಕಳನ್ನು ಸಂಶೋಧಕರು ಅಂದಿನಿಂದ ಇಂದಿನವರೆಗೂ ಬಿಡದೆ ಗಮನಿಸುತ್ತಿದ್ದಾರೆ. ಬೇರೆ ದೇಶಕ್ಕೆ ಹೋದವರನ್ನೂ ಟಿಕೆಟ್ ಕೊಟ್ಟು ಕರೆಸಿ ಪರೀಕ್ಷೆ ಮಾಡುತ್ತಾರೆ. 38ನೇ ವಯಸ್ಸಿನ ಸುತ್ತಿನಲ್ಲಿ, ಬದುಕಿದ್ದವರ ಪೈಕಿ ಶೇ. 95ರಷ್ಟು ಮಂದಿ ಬಂದಿದ್ದರು. ಈ ಕ್ಷೇತ್ರದಲ್ಲಿರುವವರಿಗೆ ಮಾತ್ರ ಗೊತ್ತು, ಇದೆಷ್ಟು ಕಷ್ಟದ ಸಾಧನೆ ಎಂದು. ಅವರಲ್ಲಿ 91 ಮಂದಿ 24 ವರ್ಷ ತುಂಬುವ ಮೊದಲು ಆತ್ಮಹತ್ಯೆಗೆ ಯತ್ನಿಸಿದ್ದರು. 38ನೇ ವಯಸ್ಸಿನಲ್ಲಿ ಅವರು ಹೇಗಿದ್ದಾರೆ ಎಂದು ನೋಡಿದ ವರದಿ 2014ರಲ್ಲಿ ಬಂತು.

ಮನಸ್ಸಿನ ತೊಂದರೆ ಅವರಲ್ಲಿ ಜಾಸ್ತಿ ಇತ್ತು, ಅದು ಊಹಿಸಬಹುದಾದದ್ದೇ. ಆದರೆ ದೇಹವೂ ಬಳಲಿತ್ತು. ಸೊಂಟದ ಸುತ್ತಳತೆ, ಬಿಪಿ, ಸಕ್ಕರೆ, ಕೊಬ್ಬು ಇವೆಲ್ಲ ಒಟ್ಟಿಗೆ ಏರುಪೇರಾಗುವ ಮೆಟಬಾಲಿಕ್ ಸಿಂಡ್ರೋಮ್ ಅವರಲ್ಲಿ ಹೆಚ್ಚು ಕಂಡಿತು. ರಕ್ತದಲ್ಲಿ ಉರಿಯೂತದ ಗುರುತುಗಳೂ ಹೆಚ್ಚು. ಇವು ಮುಂದೆ ಹೃದಯದ ಕಾಯಿಲೆಗೆ ದಾರಿ ಮಾಡುತ್ತವೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ಅವರಿಗೆ ಕೆಲಸದ ಭದ್ರತೆ ಕಡಿಮೆ, ಒಂಟಿತನ ಹೆಚ್ಚು. ಚಿಕ್ಕವರಿದ್ದಾಗಿನ ಮಾನಸಿಕ ಕಾಯಿಲೆ, ಮನೆಯ ಬಡತನ ಇವನ್ನೆಲ್ಲ ಲೆಕ್ಕದಿಂದ ಬೇರ್ಪಡಿಸಿ ನೋಡಿದಾಗಲೂ ಈ ವ್ಯತ್ಯಾಸ ಉಳಿಯಿತು.

ಇಂಗ್ಲೆಂಡಿನ ಆಕ್ಸ್‌ಫರ್ಡ್, ಮ್ಯಾಂಚೆಸ್ಟರ್, ಡರ್ಬಿ ಆಸ್ಪತ್ರೆಗಳಿಂದ ಇನ್ನೊಂದು ದೊಡ್ಡ ಲೆಕ್ಕ 2012ರಲ್ಲಿ ಬಂತು. ಸ್ವಯಂ ಹಾನಿಯಿಂದ ಬಂದ 30,950 ಮಂದಿಯನ್ನು ಗಮನಿಸಿದರು. ಅವರಲ್ಲಿ ಸಹಜ ಕಾಯಿಲೆಗಳಿಂದ ಆದ ಸಾವೂ ನಿರೀಕ್ಷೆಗಿಂತ 2ರಿಂದ 7.5 ಪಟ್ಟು ಜಾಸ್ತಿ ಇತ್ತು. ಹೃದಯ ಮತ್ತು ರಕ್ತನಾಳದ ಕಾಯಿಲೆ, ಜೀರ್ಣಾಂಗದ ಕಾಯಿಲೆ ಮುಂದಿದ್ದವು. ಅಂದರೆ ಆತ್ಮಹತ್ಯೆಯಿಂದ ಕಾಪಾಡಿದ ಮನುಷ್ಯನನ್ನು ನಾವು ಹೃದಯಾಘಾತಕ್ಕೋ ಲಿವರ್ ಕಾಯಿಲೆಗೋ ಕಳೆದುಕೊಳ್ಳುತ್ತಿದ್ದೇವೆ. ಅದೂ ಅಕಾಲದಲ್ಲಿ.

ಯಾಕೆ ಹೀಗೆ? ಒಂದೇ ಕಾರಣ ಇಲ್ಲ. ಬೀಡಿ ಸಿಗರೇಟು, ಕುಡಿತ, ಹಣದ ತಾಪತ್ರಯ, ಕೆಟ್ಟ ನಿದ್ದೆ, ವರ್ಷಗಟ್ಟಲೆ ದೇಹವನ್ನು ಹಿಂಡುವ ಒತ್ತಡ. ಇದರ ಮೇಲೆ ನಮ್ಮ ವ್ಯವಸ್ಥೆಯದ್ದೇ ಒಂದು ಲೋಪ. ಹಳೆಯ ಕೇಸ್ ಶೀಟುಗಳಿಂದ ಮಾಹಿತಿ ತೆಗೆಯುವಾಗ ನಾನು ಮತ್ತೆ ಮತ್ತೆ ಕಂಡದ್ದು ಇದು: ಯತ್ನದ ರೋಗಿಯ ಹಾಳೆಯಲ್ಲಿ ತೂಕದ ಜಾಗ ಖಾಲಿ. ಸಕ್ಕರೆ ಒಮ್ಮೆ ನೋಡಿದ್ದಾರೆ, ಜಾಸ್ತಿ ಇದೆ, ಅದರ ಮುಂದೆ ಯಾವ ಟಿಪ್ಪಣಿಯೂ ಇಲ್ಲ. ಕೊನೆಯಲ್ಲಿ ‘ಸೈಕಿಯಾಟ್ರಿ ಓಪಿಡಿಗೆ ಕಳಿಸಿದೆ’ ಎಂಬ ಒಂದೇ ಸಾಲು. ‘ಮಾನಸಿಕ ರೋಗಿ’ ಎಂದು ಬರೆದ ಕ್ಷಣದಿಂದ ಅವರ ಎದೆನೋವನ್ನೂ ‘ಟೆನ್ಶನ್’ ಎಂದು ತಳ್ಳಿಹಾಕುವವರಿದ್ದಾರೆ. ನೀವು ನೋಡಿರುತ್ತೀರಿ.

ನೀವು ಮಾಡಬಹುದಾದದ್ದು ಬಹಳ ಇದೆ. ಡಿಸ್ಚಾರ್ಜ್ ಮಾಡುವಾಗ ಬಿಪಿ, ಸಕ್ಕರೆ, ತೂಕ ಬರೆಯಿರಿ. ಯಾವುದಾದರೂ ಜಾಸ್ತಿ ಇದ್ದರೆ ಯಾವ ಡಾಕ್ಟರ್, ಯಾವ ದಿನ ಎಂದು ಚೀಟಿಯಲ್ಲಿ ಬರೆದುಕೊಡಿ. ಮನೋವೈದ್ಯರ ಅಪಾಯಿಂಟ್‌ಮೆಂಟ್ ‘ಯಾವಾಗಲಾದರೂ ಬನ್ನಿ’ ಎಂದಾಗದೆ, ಆ ವಾರದೊಳಗೇ ಒಂದು ದಿನ ಗೊತ್ತಾಗಿರಲಿ. ಡೆನ್ಮಾರ್ಕ್‌ನಲ್ಲಿ ಇದಕ್ಕೆಂದೇ ಕ್ಲಿನಿಕ್‌ಗಳಿವೆ. ಸುಮಾರು 8ರಿಂದ 10 ಸಲ ಮಾತಿನ ಚಿಕಿತ್ಸೆ ಕೊಡುತ್ತಾರೆ. ಅಲ್ಲಿ ಚಿಕಿತ್ಸೆ ಪಡೆದ 5,678 ಜನರನ್ನು, ಅವರನ್ನೇ ಹೋಲುವ ಆದರೆ ಆ ಚಿಕಿತ್ಸೆ ಸಿಗದ 17,034 ಜನರ ಜೊತೆ ಹೋಲಿಸಿದರು. ಒಂದು ವರ್ಷದೊಳಗೆ ಮತ್ತೆ ಹಾನಿ ಮಾಡಿಕೊಂಡವರು ಶೇ. 6.7, ಇನ್ನೊಂದು ಗುಂಪಿನಲ್ಲಿ ಶೇ. 9. ಗಮನಿಸಿ, ಆತ್ಮಹತ್ಯೆ ಮಾತ್ರ ಅಲ್ಲ, ಯಾವುದೇ ಕಾರಣದ ಸಾವೂ ಚಿಕಿತ್ಸೆ ಪಡೆದವರಲ್ಲಿ ಕಡಿಮೆ ಇತ್ತು. ಈ ಲಾಭ ವರ್ಷಗಳ ನಂತರವೂ ಕಂಡಿತು. ಅದು ಚೀಟಿ ಎತ್ತಿ ಗುಂಪು ಮಾಡಿದ ಪ್ರಯೋಗ ಅಲ್ಲ, ಹಾಗಾಗಿ ಪೂರ್ತಿ ಶ್ರೇಯಸ್ಸು ಚಿಕಿತ್ಸೆಗೇ ಎಂದು ಖಚಿತವಾಗಿ ಹೇಳಲಾಗದು. ಆದರೂ ಇಷ್ಟು ಜನರಲ್ಲಿ, ಇಷ್ಟು ಕಾಲ ಕಂಡ ವ್ಯತ್ಯಾಸ ನನಗೆ ಭರವಸೆ ಕೊಡುತ್ತದೆ.

ಪ್ರಶ್ನೆ: ನಮ್ಮ ತಂದೆ ಚಿಕ್ಕ ವಯಸ್ಸಿನಲ್ಲಿ ಯತ್ನಿಸಿದ್ದರಂತೆ. ನನಗೆ ಈಗ ಇಬ್ಬರು ಮಕ್ಕಳು. ಇದು ರಕ್ತದಲ್ಲಿ ಬರುತ್ತದೆಯೇ?

ಉತ್ತರ: ಅಪಾಯದ ಸ್ವಲ್ಪ ಭಾಗ ಕುಟುಂಬದಲ್ಲಿ ಹರಿದು ಬರುವುದು ನಿಜ. ಅಮೆರಿಕದಲ್ಲಿ, ಖಿನ್ನತೆಯಂಥ ಕಾಯಿಲೆ ಇದ್ದ 334 ತಂದೆ ತಾಯಂದಿರ 701 ಮಕ್ಕಳನ್ನು ಸರಾಸರಿ ಐದೂವರೆ ವರ್ಷಕ್ಕಿಂತ ಹೆಚ್ಚು ಕಾಲ ಗಮನಿಸಿದರು. ಯತ್ನಿಸಿದ್ದ ತಂದೆ ತಾಯಿಯ ಮಕ್ಕಳಲ್ಲಿ ಅದರ ಸಾಧ್ಯತೆ ಹೆಚ್ಚುಕಡಿಮೆ ಐದು ಪಟ್ಟು ಇತ್ತು. ಕೇಳಲು ಭಯವಾಗುತ್ತದೆ. ಆದರೆ ಆ ಅವಧಿಯಲ್ಲಿ ಯತ್ನಿಸಿದವರು ಎಲ್ಲ ಸೇರಿ ನೂರರಲ್ಲಿ ಸುಮಾರು 4 ಮಂದಿ. ‘ಐದು ಪಟ್ಟು’ ಎಂದು ಯಾರಾದರೂ ಹೇಳಿದಾಗ, ‘ಎಷ್ಟರ ಐದು ಪಟ್ಟು?’ ಎಂದು ಕೇಳುವುದನ್ನು ರೂಢಿ ಮಾಡಿಕೊಳ್ಳಿ.

ಜೀನ್ ಒಂದು ಭಾಗ. ಬಾಲ್ಯ ಇನ್ನೊಂದು ಭಾಗ, ಮತ್ತು ಅದು ನಮ್ಮ ಕೈಯಲ್ಲಿದೆ. ಅಮೆರಿಕದಲ್ಲೇ 17,000ಕ್ಕೂ ಹೆಚ್ಚು ವಯಸ್ಕರನ್ನು ಕೇಳಿ 2001ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಬಾಲ್ಯದಲ್ಲಿ ಹೊಡೆತ, ಲೈಂಗಿಕ ದೌರ್ಜನ್ಯ, ಮನೆಯೊಳಗಿನ ಜಗಳ, ಕುಡಿತ ಇಂಥ ಯಾವುದೇ ಒಂದು ನೋವು ಕಂಡವರಲ್ಲೂ ಮುಂದೆ ಯತ್ನಿಸುವ ಅಪಾಯ 2ರಿಂದ 5 ಪಟ್ಟು ಏರಿತ್ತು. ನೋವುಗಳ ಸಂಖ್ಯೆ ಹೆಚ್ಚಿದಂತೆ ಅಪಾಯವೂ ಮೆಟ್ಟಿಲು ಮೆಟ್ಟಿಲಾಗಿ ಏರಿತ್ತು. ನಿಮ್ಮ ಮಕ್ಕಳು ಹೆದರಿಕೆ ಇಲ್ಲದ ಮನೆಯಲ್ಲಿ ಬೆಳೆದರೆ, ಬೇಸರವಾದಾಗ ನಿಮಗೆ ಹೇಳಬಹುದು ಎಂದು ಅವರಿಗೆ ಅನ್ನಿಸಿದರೆ, ಅಪಾಯದ ದೊಡ್ಡ ಪಾಲನ್ನು ನೀವೇ ಇಳಿಸಿದ ಹಾಗೆ. ತಾತನ ವಿಷಯ ಮುಚ್ಚಿಡಬೇಕಾಗಿಲ್ಲ. ವಯಸ್ಸಿಗೆ ತಕ್ಕಂತೆ, ಅವರಿಗೆ ಆಗ ಕಾಯಿಲೆ ಇತ್ತು, ಸಹಾಯ ಸಿಕ್ಕಿತು, ಬದುಕಿದರು ಎಂದು ಹೇಳಿ.

ಪ್ರಶ್ನೆ: ಮನಃಶಾಸ್ತ್ರ ಓದುತ್ತಿದ್ದೇನೆ. ಅಪಾಯದ ಅಂಶಗಳ ಪಟ್ಟಿ ನಮಗೆ ಬಾಯಿಪಾಠ. ಪಟ್ಟಿ ಇಟ್ಟುಕೊಂಡು ಯಾರು ಯತ್ನಿಸುತ್ತಾರೆ ಎಂದು ಮೊದಲೇ ಹೇಳಲು ಯಾಕೆ ಆಗುವುದಿಲ್ಲ?

ಉತ್ತರ: ಪಟ್ಟಿ ಸುಳ್ಳಲ್ಲ. 17 ದೇಶಗಳ 84,850 ವಯಸ್ಕರ ಸಮೀಕ್ಷೆ 2008ರಲ್ಲಿ ಬಂತು. ಜೀವನದಲ್ಲಿ ಒಮ್ಮೆಯಾದರೂ ಸಾಯುವ ಯೋಚನೆ ಗಂಭೀರವಾಗಿ ಬಂದವರು ಶೇ. 9.2, ಯತ್ನಿಸಿದವರು ಶೇ. 2.7. ಹೆಣ್ಣು, ಚಿಕ್ಕ ವಯಸ್ಸು, ಕಡಿಮೆ ಓದು, ಮದುವೆ ಆಗದಿರುವುದು, ಮಾನಸಿಕ ಕಾಯಿಲೆ ಇವು ಬಹುತೇಕ ಎಲ್ಲ ಕಡೆ ಕಂಡ ಅಂಶಗಳು. ಆದರೆ ನಿಮ್ಮ ತರಗತಿಯಲ್ಲೇ ನೋಡಿ. ಚಿಕ್ಕ ವಯಸ್ಸಿನ, ಮದುವೆ ಆಗದ ಹುಡುಗಿಯರು ಎಷ್ಟು ಜನ? ಪಟ್ಟಿ ಅವರನ್ನೆಲ್ಲ ಹಿಡಿಯುತ್ತದೆ, ಯತ್ನ ಮಾತ್ರ ಅಪರೂಪ. ಅಪರೂಪದ ಘಟನೆಯನ್ನು ತುಂಬಾ ಸಾಮಾನ್ಯವಾದ ಲಕ್ಷಣಗಳಿಂದ ಊಹಿಸಲು ಹೊರಟರೆ ಬಹುಪಾಲು ಊಹೆಗಳು ತಪ್ಪುತ್ತವೆ. 50 ವರ್ಷಗಳ 365 ಅಧ್ಯಯನಗಳನ್ನು 2017ರಲ್ಲಿ ಒಟ್ಟಿಗೆ ತೂಗಿ ನೋಡಿದಾಗ, ಯಾವ ಒಂದು ಅಂಶವೂ ಕುರುಡು ಊಹೆಗಿಂತ ಹೆಚ್ಚೇನೂ ಮುಂದಿರಲಿಲ್ಲ.

ಹಾಗಾದರೆ ಈ ಅಂಶಗಳು ಯಾಕೆ ಬೇಕು? ಶಾಲೆಗೆ ಏನು ಬೇಕು, ಕುಡಿತಕ್ಕೆ ಎಂಥ ಕಡಿವಾಣ, ಯಾವ ವಾರ್ಡಿಗೆ ಎಷ್ಟು ಕೌನ್ಸೆಲರ್ ಎಂದು ತೀರ್ಮಾನಿಸಲು ಬೇಕು. ಎದುರಿಗೆ ಕೂತ ವ್ಯಕ್ತಿಗೆ ಅಂಕ ಹಾಕಿ, ‘ಕಡಿಮೆ ಅಪಾಯ’ ಎಂದು ಬರೆದು ಮನೆಗೆ ಕಳಿಸಲು ಅಲ್ಲ. ಅದೇ 17 ದೇಶಗಳ ಸಮೀಕ್ಷೆಯ ಇನ್ನೊಂದು ಮಾತು ನಿಮ್ಮ ಪಠ್ಯದಲ್ಲಿ ಇರಲೇಬೇಕು: ಯೋಚನೆಯಿಂದ ಯೋಜನೆಗೆ, ಯತ್ನಕ್ಕೆ ದಾಟಿದವರಲ್ಲಿ ಶೇ. 60ಕ್ಕೂ ಹೆಚ್ಚು ಮಂದಿ ದಾಟಿದ್ದು, ಯೋಚನೆ ಶುರುವಾದ ಮೊದಲ ವರ್ಷದಲ್ಲೇ. ‘ಇತ್ತೀಚೆಗೆ ಶುರುವಾಯಿತು’ ಎಂದು ಯಾರಾದರೂ ಹೇಳಿದರೆ, ಹೊಸದು ತಾನೇ ಎಂದು ಹಗುರವಾಗಿ ತೆಗೆದುಕೊಳ್ಳಬೇಡಿ.

ಪ್ರಶ್ನೆ: ಗೆಳತಿಯ ಬಗ್ಗೆ ಅನುಮಾನ. ನೇರವಾಗಿ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತೆ ಆಗುವುದಿಲ್ಲವೇ?

ಉತ್ತರ: ಆಗುವುದಿಲ್ಲ. ನ್ಯೂಯಾರ್ಕ್ ರಾಜ್ಯದ 2,342 ಹೈಸ್ಕೂಲ್ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಆತ್ಮಹತ್ಯೆಯ ಪ್ರಶ್ನೆ ಕೇಳಿ, ಕೆಲವರಿಗೆ ಕೇಳದೆ ಹೋಲಿಸಿದರು. ಕೇಳಿಸಿಕೊಂಡವರಲ್ಲಿ ಸಂಕಟವೂ ಹೆಚ್ಚಲಿಲ್ಲ, ಸಾಯುವ ಯೋಚನೆಯೂ ಹೆಚ್ಚಲಿಲ್ಲ. ‘ಸಾಯಬೇಕು ಅಂತ ಅನ್ನಿಸ್ತಿದ್ಯಾ?’ ಎಂದು ನೇರವಾಗಿ, ಮೆಲ್ಲಗೆ ಕೇಳಿ. ಹೌದು ಅಂದರೆ ಬೈಯಬೇಡಿ, ಉಪದೇಶ ಬೇಡ. ಅವಳನ್ನು ಒಬ್ಬಳೇ ಬಿಡದೆ, ಡಾಕ್ಟರ ಹತ್ತಿರ ಜೊತೆಗೆ ಹೋಗಿ. ಗುಟ್ಟಾಗಿ ಇಡುತ್ತೇನೆ ಎಂದು ಮಾತ್ರ ಮಾತು ಕೊಡಬೇಡಿ.

ಪ್ರಶ್ನೆ: ಎಂಟು ವರ್ಷದ ಹಿಂದೆ ನಾನು ಯತ್ನಿಸಿದ್ದೆ. ಮನೆಯ ಒಬ್ಬರಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಈಗ ಚೆನ್ನಾಗಿದ್ದೇನೆ. ಇತ್ತೀಚೆಗೆ ಆರೋಗ್ಯ ಸಮೀಕ್ಷೆಯವರು ಬಂದು, ‘ಯಾವಾಗಲಾದರೂ ಯತ್ನಿಸಿದ್ದೀರಾ?’ ಎಂದು ಕೇಳಿದರು. ಇಲ್ಲ ಅಂದುಬಿಟ್ಟೆ. ಆಮೇಲಿನಿಂದ ಮನಸ್ಸಿಗೆ ಸಮಾಧಾನ ಇಲ್ಲ.

ಉತ್ತರ: ಮೊದಲಿಗೆ, ನೀವು ಚೆನ್ನಾಗಿದ್ದೀರಿ ಎಂದು ಓದಿ ನನಗಾದ ಸಂತೋಷ ಇಷ್ಟಿಷ್ಟಲ್ಲ. ಸಮಾಧಾನ ಕೆಡಿಸಿಕೊಳ್ಳಬೇಡಿ. ಅಪರಿಚಿತರು ಎದುರಿಗೆ ಕೂತು ಕೇಳಿದಾಗ ಇಲ್ಲ ಅನ್ನುವವರು ಬಹಳ. ಒಂದು ಸುತ್ತಿನಲ್ಲಿ ಹೌದು ಅಂದವರು, ಕೆಲವು ವರ್ಷಗಳ ನಂತರ ಇಲ್ಲ ಅನ್ನುವುದನ್ನೂ ಅಧ್ಯಯನಗಳು ಕಂಡಿವೆ. ಹಾಗಾಗಿಯೇ ಒಳ್ಳೆಯ ಸಮೀಕ್ಷೆಗಳು ಈ ಪ್ರಶ್ನೆಯನ್ನು ಬಾಯಲ್ಲಿ ಕೇಳದೆ, ನೀವೇ ಓದಿ ಗುರುತು ಹಾಕುವ ಹಾಗೆ ಕೊಡುತ್ತವೆ. ಪಕ್ಕದಲ್ಲಿ ಮನೆಯವರು ಕೂತಿರುವಾಗ ಕೇಳಿದ್ದರೆ, ಅದು ಕೇಳಿದವರ ಲೋಪ, ನಿಮ್ಮದಲ್ಲ.

ಮುಂದೆ ಯಾರಾದರೂ ಕೇಳಿದರೆ, ನೀವೇ ಎರಡು ಪ್ರಶ್ನೆ ಕೇಳಿ: ನನ್ನ ಹೆಸರು ಉತ್ತರದ ಜೊತೆ ಇರುತ್ತದೆಯೇ? ಈ ಹಾಳೆ ಯಾರು ಯಾರು ನೋಡುತ್ತಾರೆ? ಉತ್ತರ ಸರಿ ಅನ್ನಿಸಿದರೆ ಹೇಳಿ, ಇಲ್ಲವಾದರೆ ‘ಈ ಪ್ರಶ್ನೆ ಬಿಡಿ’ ಎನ್ನಿ. ಬಿಡುವ ಹಕ್ಕು ನಿಮಗಿದೆ.

ಸಮೀಕ್ಷೆಗೆ ಹೇಳದಿದ್ದರೂ ಪರವಾಗಿಲ್ಲ. ನೀವು ನಂಬುವ ಒಬ್ಬ ಡಾಕ್ಟರಿಗೆ ಮಾತ್ರ ಹೇಳಿ. ಮನೋವೈದ್ಯರೇ ಆಗಬೇಕೆಂದಿಲ್ಲ, ಜ್ವರಕ್ಕೆ ಹೋಗುವ ಡಾಕ್ಟರಾದರೂ ಸರಿ. ಹೇಳಿದರೆ, ಖಿನ್ನತೆ ಮರಳಿದರೆ ಅವರು ಬೇಗ ಗುರುತು ಹಿಡಿಯುತ್ತಾರೆ. ಔಷಧಿ ಬರೆಯುವಾಗ ಎಚ್ಚರ ವಹಿಸುತ್ತಾರೆ. ವರ್ಷಕ್ಕೊಮ್ಮೆ ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್ ನೋಡಲು ಅವರಿಗೊಂದು ಕಾರಣ ಸಿಗುತ್ತದೆ. ಬಾಯಲ್ಲಿ ಹೇಳಲು ಕಷ್ಟವಾದರೆ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ ಅವರ ಕೈಗೆ ಕೊಡಿ: ಯಾವ ವರ್ಷ, ಆಗ ಯಾವ ಚಿಕಿತ್ಸೆ ಆಯಿತು, ಈಗ ನಿದ್ದೆ ಹೇಗಿದೆ, ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ. ನಾಲ್ಕು ಸಾಲು ಸಾಕು.